ತಿಲೋನಿಯಾದ ಸೋಲಾರ್ ತರಬೇತಿ: ಕಲಿಕೆ ಗಟ್ಟಿ, ಊರಿನ ತಯಾರಿ ನಿಮ್ಮದೇ

ರಾಜಸ್ಥಾನದ ಅಜ್ಮೀರ್ ಜಿಲ್ಲೆಯ ತಿಲೋನಿಯಾದಲ್ಲಿ ಬೇರ್‌ಫುಟ್ ಕಾಲೇಜು ವಿದೇಶಿ ಹಳ್ಳಿಗಳ ಹೆಂಗಸರಿಗೆ ಕೊಡುವ ಆರು ತಿಂಗಳ ಸೋಲಾರ್ ತರಬೇತಿಯ ಬಗ್ಗೆ ಬಂದ ಬರಹಗಳು ಬಹುಪಾಲು ಒಂದೇ ಕಡೆ ನಿಂತುಬಿಡುತ್ತವೆ: ಅಕ್ಷರ ಬಾರದ ಅಜ್ಜಿ ಎಂಜಿನಿಯರ್ ಆದರು. ಅದು ನಿಜವೇ, ಅಲ್ಲೇನೂ ಉತ್ಪ್ರೇಕ್ಷೆಯಿಲ್ಲ. ಆದರೆ ಆಕೆ ಊರಿಗೆ ಮರಳಿ ಮೂರು ವರ್ಷವಾದ ಮೇಲೂ ದೀಪ ಉರಿಯಬೇಕಾದರೆ ಏನೇನು ಇರಬೇಕು ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದಿಲ್ಲ. ಟಾಂಜಾನಿಯಾ, ಮೊಜಾಂಬಿಕ್, ಮಲಾವಿ ಕಡೆ ಕೆಲಸದಲ್ಲಿದ್ದು ಅಲ್ಲಿನ ಹಳ್ಳಿಗಳ ಒಡನಾಟ ಇರುವ ಕನ್ನಡಿಗರಿಗೆ, ಇಲ್ಲಿ ಸ್ವಸಹಾಯ ಸಂಘಗಳ ಒಕ್ಕೂಟ ನಡೆಸುತ್ತಾ ಇಂಥದ್ದೇ ಏನಾದರೂ ಮಾಡಬೇಕೆಂದಿರುವವರಿಗೆ ಬೇಕಾದದ್ದು ಆ ಉತ್ತರ.

ತೀರ್ಪು ಮೊದಲೇ ಹೇಳಿಬಿಡೋಣ. ಕಲಿಸುವ ಕ್ರಮಕ್ಕೆ ಐದಕ್ಕೆ ಐದು. ಸಾಮಾನು ಊರು ತಲುಪುವ ವ್ಯವಸ್ಥೆಗೆ ಎರಡೂವರೆ. ಊರಿನ ಸಮಿತಿ, ವಂತಿಗೆ, ಬಿಡಿಭಾಗಗಳ ಏರ್ಪಾಡಿಗೆ ಅಂಕ ಕೊಡುವುದೇ ತಪ್ಪು, ಏಕೆಂದರೆ ಅದನ್ನು ಕಟ್ಟಬೇಕಾದವರು ಕಳಿಸುವ ನೀವು.

ಸಂಸ್ಥೆ ಶುರುವಾದದ್ದು 1972ರಲ್ಲಿ, ಬಂಕರ್ ರಾಯ್ ಅವರಿಂದ. ಸರ್ಕಾರ ಬಿಟ್ಟುಹೋಗಿದ್ದ ಕ್ಷಯರೋಗ ಆಸ್ಪತ್ರೆಯೊಂದು ಅದರ ಮೊದಲ ನೆಲೆ. ವಿದೇಶಿ ಹೆಂಗಸರ ತರಬೇತಿಗೆ 2008ರಿಂದ ಭಾರತದ ವಿದೇಶಾಂಗ ಸಚಿವಾಲಯದ ಐಟೆಕ್ ಯೋಜನೆಯ ಬೆಂಬಲ ಸಿಕ್ಕಿತು. ಐಟೆಕ್ 1964ರಿಂದ ಇರುವ ಯೋಜನೆ. ಹೊರದೇಶದ ಅಧಿಕಾರಿಗಳು, ತಂತ್ರಜ್ಞರು ಭಾರತಕ್ಕೆ ಬಂದು ಕಲಿಯಲು ಸರ್ಕಾರ ಇದರಲ್ಲಿ ಖರ್ಚು ಕೊಡುತ್ತದೆ. ಅದೇ ಯೋಜನೆಯಡಿ ಶಾಲೆಯ ಮೆಟ್ಟಿಲು ಹತ್ತದ ಹೆಂಗಸರನ್ನೂ ಕರೆಸಬಹುದು ಎಂದು ಒಪ್ಪಿಸಿದ್ದು ತಿಲೋನಿಯಾದ ದೊಡ್ಡ ಗೆಲುವು. ವಿಮಾನದ ಟಿಕೆಟ್, ಊಟ, ವಸತಿ, ತರಬೇತಿ ಎಲ್ಲವೂ ಇದರಲ್ಲಿ ಬರುತ್ತವೆ. ವರ್ಷಕ್ಕೆ ಎರಡು ತಂಡ, ಮಾರ್ಚ್‌ನಲ್ಲಿ ಒಂದು, ಸೆಪ್ಟೆಂಬರ್‌ನಲ್ಲಿ ಒಂದು, ತಂಡಕ್ಕೆ ಸುಮಾರು 40 ಮಂದಿ ಎಂಬುದು ರೂಢಿಯಾದ ಕ್ರಮ. ಆರಿಸುವುದು 35ರಿಂದ 50ರ ಆಸುಪಾಸಿನ, ಊರಿನಲ್ಲೇ ಬೇರೂರಿದ ಹೆಂಗಸರನ್ನು. ಕೊನೆಗೆ ಸರ್ಟಿಫಿಕೇಟ್ ಇಲ್ಲ. ಅದು ಬೇಕೆಂದೇ ಮಾಡಿದ್ದು: ಕಾಗದ ಕೈಗೆ ಸಿಕ್ಕ ಹುಡುಗ ಪೇಟೆಗೆ ಹೋಗುತ್ತಾನೆ, ಅಜ್ಜಿ ಹೋಗುವುದಿಲ್ಲ ಎಂಬುದು ಸಂಸ್ಥೆಯ ವಾದ. ಹಳ್ಳಿ ಬಲ್ಲ ಯಾರೂ ಇದನ್ನು ತಳ್ಳಿಹಾಕಲಾರರು.

ಅರ್ಜಿಗೆ ಮುಂಚೆ ಒಂದು ಎಚ್ಚರ. ಬೇರ್‌ಫುಟ್ ಹೆಸರಿನಲ್ಲಿ ಈಗ ಎರಡು ಸಂಸ್ಥೆಗಳಿವೆ, ತಿಲೋನಿಯಾದ ಮೂಲ ಸಂಸ್ಥೆ ಒಂದು, ಬೇರ್‌ಫುಟ್ ಕಾಲೇಜ್ ಇಂಟರ್‌ನ್ಯಾಷನಲ್ ಇನ್ನೊಂದು. ಯಾರ ಜತೆ ಮಾತಾಡುತ್ತಿದ್ದೀರಿ, ಈ ವರ್ಷದ ತಂಡ ಎಲ್ಲಿ, ಹಣ ಯಾರದು ಎಂಬುದನ್ನು ಆ ದೇಶದ ಭಾರತೀಯ ರಾಯಭಾರ ಕಚೇರಿಯಿಂದಲೇ ಖಚಿತ ಮಾಡಿಕೊಳ್ಳಿ.

ಬೆಂಚಿನ ಮೇಲೆ

ತರಗತಿಯಲ್ಲಿ ಸ್ವಾಹಿಲಿ, ಫ್ರೆಂಚ್, ಸ್ಪ್ಯಾನಿಷ್, ಪೋರ್ಚುಗೀಸ್ ಆಡುವವರು ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಕಲಿಸುವವರೂ ರಾಜಸ್ಥಾನದ ಹಳ್ಳಿಯವರೇ, ಹಿಂದೆ ಇದೇ ಬೆಂಚಿನಲ್ಲಿ ಕಲಿತವರು. ಪಾಠ ನಡೆಯುವುದು ಬಣ್ಣ, ಚಿತ್ರ, ಕೈಸನ್ನೆ ಮತ್ತು ಬೆರಳೆಣಿಕೆಯ ಇಂಗ್ಲಿಷ್ ಪದಗಳ ಮೇಲೆ.

ಕರೆಂಟಿನ ಹರಿವನ್ನು ತಡೆಯುವ ಬಿಡಿಭಾಗವಾದ ರೆಸಿಸ್ಟರ್ ಮೇಲಿನ ಬಣ್ಣದ ಪಟ್ಟಿಗಳೇ ಇಲ್ಲಿ ಅಕ್ಷರಮಾಲೆ. ಕಪ್ಪು ಸೊನ್ನೆ, ಕಂದು 1, ಕೆಂಪು 2, ಕಿತ್ತಳೆ 3. ಮೂರನೆಯ ಪಟ್ಟಿ ಹೇಳುವುದು ಮುಂದೆ ಎಷ್ಟು ಸೊನ್ನೆ ಎಂದು. ಕಂದು-ಕಪ್ಪು-ಕಿತ್ತಳೆ ಬಂದರೆ 10 ಕಿಲೋಓಮ್, ಕೆಂಪು-ಕೆಂಪು-ಕಂದು ಬಂದರೆ 220 ಓಮ್. ಬೆಲೆಯನ್ನು ಓದಬೇಕಾಗಿಲ್ಲ, ಚಿತ್ರದಲ್ಲಿರುವ ಪಟ್ಟಿ, ಕೈಯಲ್ಲಿರುವ ಪಟ್ಟಿ, ಬೋರ್ಡಿನ ಮೇಲಿನ ಜಾಗ ಮೂರೂ ಹೊಂದಿದರೆ ಸಾಕು. ಆಮೇಲೆ ಡಯೋಡ್, ಕೆಪಾಸಿಟರ್, ಟ್ರಾನ್ಸಿಸ್ಟರ್, ಕಾಯಿಲ್ ಸುತ್ತುವುದು, ಬೋರ್ಡ್‌ಗೆ ಬೆಸುಗೆ ಹಾಕುವುದು, ಮಲ್ಟಿಮೀಟರ್‌ನಲ್ಲಿ ಅಳೆಯುವುದು. ಕೊನೆಗೆ ಲ್ಯಾಂಟರ್ನ್, ಬ್ಯಾಟರಿ ಅತಿಯಾಗಿ ತುಂಬದಂತೆ, ಬರಿದಾಗದಂತೆ ಕಾಯುವ ಚಾರ್ಜ್ ಕಂಟ್ರೋಲರ್‌ಗಳನ್ನು ಪೂರ್ತಿ ತಾವೇ ಜೋಡಿಸಿ ಉರಿಸಿ ತೋರಿಸಬೇಕು.

ಇಲ್ಲಿ ಎಡವುವ ಜಾಗಗಳೂ ಗೊತ್ತಿರುವಂಥವೇ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ತಿರುವುಮುರುವಾದರೆ ಉಬ್ಬಿ ಒಡೆಯುತ್ತದೆ. ಕಾವು ಸಾಲದ ಬೆಸುಗೆ ನೋಡಲು ಕೂಡಿದಂತೆಯೇ ಕಾಣುತ್ತದೆ, ಆದರೆ ಮಂಕಾಗಿ, ಗುಂಡಗೆ ನಿಂತಿರುತ್ತದೆ. ಬಸ್ಸಿನ ಕುಲುಕಾಟಕ್ಕೇ ಬಿಟ್ಟುಕೊಳ್ಳುತ್ತದೆ. ಒಳ್ಳೆಯ ಬೆಸುಗೆ ಹೊಳೆಯುತ್ತದೆ, ಕಾಲಿನ ಸುತ್ತ ಇಳಿಜಾರಾಗಿ ಹರಡಿರುತ್ತದೆ. ಅದಕ್ಕೆ 25 ವ್ಯಾಟ್‌ನ ಐರನ್, 60:40ರ ತವರ-ಸೀಸದ ಬೆಸುಗೆ ತಂತಿ ಮತ್ತು ಎರಡು ಮೂರು ಸೆಕೆಂಡಿನ ತಾಳ್ಮೆ ಸಾಕು.

ಕಳಿಸುವವರು ಮರೆಯುವ ಒಂದು ವಿಷಯವಿದೆ: ಕಣ್ಣು. 40 ದಾಟಿದವರಿಗೆ ಹತ್ತಿರದ್ದು ಮಸುಕಾಗುವುದು ಸಹಜ. ಕಂದು, ಕೆಂಪು, ಕಿತ್ತಳೆಯ ಪಟ್ಟಿಗಳು ಮಿಲಿಮೀಟರ್ ಅಗಲವೂ ಇರುವುದಿಲ್ಲ. ಊರಿನಲ್ಲೇ ಕಣ್ಣು ಪರೀಕ್ಷೆ ಮಾಡಿಸಿ ಪ್ಲಸ್ ಪವರ್ ಕನ್ನಡಕ ಕೊಡಿಸದೆ ಕಳಿಸಿದರೆ, ಮೊದಲ ತಿಂಗಳಿಡೀ "ಈಕೆಗೆ ತಲೆಗೆ ಹತ್ತುತ್ತಿಲ್ಲ" ಎಂಬ ಮಾತು ಬರುತ್ತದೆ. ತೊಂದರೆ ತಲೆಯದಲ್ಲ, ಕಣ್ಣಿನದು.

ಒಂದು ಮನೆಯ ಲೆಕ್ಕ

ದೀಪದ ವ್ಯವಸ್ಥೆ ಚೆನ್ನಾಗಿದೆಯೋ ಇಲ್ಲವೋ ಎಂದು ತೂಗಲು ಹಳ್ಳಿಮನೆಗೆ ಹೊಂದುವ ಒಂದು ಮಾದರಿ ಇಟ್ಟುಕೊಳ್ಳೋಣ: 40 ವ್ಯಾಟ್ ಪ್ಯಾನೆಲ್, 12 ವೋಲ್ಟ್ 40 ಆಂಪಿಯರ್-ಅವರ್ ಟ್ಯೂಬ್ಯುಲರ್ (ಸೀಸ-ಆಸಿಡ್) ಬ್ಯಾಟರಿ, ಚಾರ್ಜ್ ಕಂಟ್ರೋಲರ್, 3 ವ್ಯಾಟ್‌ನ ಮೂರು ಎಲ್‌ಇಡಿ, ಮೊಬೈಲ್ ಚಾರ್ಜಿಂಗ್ ಪಾಯಿಂಟ್.

ದಿನಕ್ಕೆ ನಾಲ್ಕೂವರೆ ತಾಸಿನ ಪೂರ್ಣ ಬಿಸಿಲು ಹಿಡಿದರೆ ಪ್ಯಾನೆಲ್‌ನಿಂದ 180 ವ್ಯಾಟ್-ಅವರ್. ಕಾವು, ಧೂಳು, ತಂತಿ, ಬ್ಯಾಟರಿಯಲ್ಲಿ ಹೋಗುವುದನ್ನು ಕಳೆದು ಕೈಗೆ ಸಿಗುವುದು ಸುಮಾರು 125. ಮೂರು ದೀಪ ಐದು ತಾಸು ಉರಿದರೆ 45, ಎರಡು ಮೊಬೈಲ್‌ಗೆ 20, ಒಟ್ಟು 65. ಬ್ಯಾಟರಿಯ 480 (12×40) ವ್ಯಾಟ್-ಅವರ್‌ನಲ್ಲಿ ಅರ್ಧ ಮಾತ್ರ ಬಳಸಬೇಕೆಂದುಕೊಂಡರೂ ಮೂರೂವರೆ ದಿನ ಮೋಡ ಮುಚ್ಚಿದರೆ ಚಿಂತೆಯಿಲ್ಲ. ಇದು ನೆಮ್ಮದಿಯ ಲೆಕ್ಕ. ಕೆಡುವುದು ಯಾವಾಗ ಎಂದರೆ 20 ವ್ಯಾಟ್‌ನ ಸಣ್ಣ ಟಿವಿ ಬಂದಾಗ. ಐದು ತಾಸಿಗೆ 100 ವ್ಯಾಟ್-ಅವರ್ ಅದೊಂದೇ ತಿನ್ನುತ್ತದೆ. ಬ್ಯಾಟರಿ ಸುಮಾರು 11.4 ವೋಲ್ಟ್‌ಗೆ ಇಳಿದಾಗ ಕಂಟ್ರೋಲರ್ ಕರೆಂಟ್ ಕತ್ತರಿಸುತ್ತದೆ, ಮನೆಯವರು ಸಿಟ್ಟಾಗಿ ಟಿವಿಯ ತಂತಿಯನ್ನು ನೇರ ಬ್ಯಾಟರಿಗೇ ಸಿಕ್ಕಿಸುತ್ತಾರೆ. ಹೀಗೆ ಖಾಲಿಯಾಗಿ ಬಿದ್ದ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಮತ್ತೆ ಎಷ್ಟು ಬಿಸಿಲು ಕೊಟ್ಟರೂ ಕರಗುವುದಿಲ್ಲ. ನಾಲ್ಕೈದು ವರ್ಷ ಬಾಳಬೇಕಾದದ್ದು ಒಂದೇ ವರ್ಷಕ್ಕೆ ಮುಗಿಯುತ್ತದೆ.

ಇದಕ್ಕಿಂತ ಗುಟ್ಟಾಗಿ ಬ್ಯಾಟರಿ ಕೊಲ್ಲುವುದು ಸಪೂರ ತಂತಿ. 40 ವ್ಯಾಟ್ ಪ್ಯಾನೆಲ್‌ನ ಕೆಲಸದ ವೋಲ್ಟೇಜ್ ಸುಮಾರು 17.5. ಬಿಸಿಲಿಗೆ ಪ್ಯಾನೆಲ್ 60-65 ಡಿಗ್ರಿಗೆ ಕಾದರೆ ಅದು 15ರ ಹತ್ತಿರಕ್ಕೆ ಇಳಿಯುತ್ತದೆ. ಮಾಡಿನಿಂದ ಬ್ಯಾಟರಿಗೆ 10 ಮೀಟರ್ ಇದ್ದು, ಅಗ್ಗಕ್ಕೆ ಸಿಕ್ಕಿತೆಂದು 0.5 ಚದರ ಮಿಲಿಮೀಟರ್ ತಂತಿ ಎಳೆದಿದ್ದರೆ ದಾರಿಯಲ್ಲೇ 1.8 ವೋಲ್ಟ್ ಹೋಯಿತು. ಉಳಿದದ್ದು 13.2. ಈ ಬ್ಯಾಟರಿ ಪೂರ್ತಿ ತುಂಬಲು ಬೇಕಾದದ್ದು 14.4. ಅಂದರೆ ದೀಪ ದಿನವೂ ಉರಿಯುತ್ತದೆ, ಆದರೆ ಬ್ಯಾಟರಿ ಒಂದು ದಿನವೂ ತುಂಬುವುದಿಲ್ಲ. ಆರು ತಿಂಗಳಾದ ಮೇಲೆ "ಬ್ಯಾಟರಿ ಕಳಪೆ" ಎಂಬ ದೂರು. 1.5 ಚದರ ಮಿಲಿಮೀಟರ್‌ನ ತಾಮ್ರದ ತಂತಿಯಾಗಿದ್ದರೆ ಹೋಗುವುದು ಅರ್ಧ ವೋಲ್ಟ್ ಚಿಲ್ಲರೆ ಮಾತ್ರ. ಏರು ಬಿಸಿಲಿನಲ್ಲೂ 14.4 ಮುಟ್ಟಲು ಅವಕಾಶವಿರುತ್ತದೆ. ಸಾಮಾನಿನ ಪಟ್ಟಿ ಬಂದಾಗ ಪ್ಯಾನೆಲ್‌ನ ಬ್ರ್ಯಾಂಡ್ ನೋಡುವುದಕ್ಕಿಂತ ಮೊದಲು ತಂತಿಯ ದಪ್ಪ ನೋಡಿ.

ಇನ್ನು ದಿಕ್ಕು. ತಿಲೋನಿಯಾ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಉತ್ತರಕ್ಕಿದೆ, ಸುಮಾರು 26.6 ಡಿಗ್ರಿ. ಅಲ್ಲಿ ವರ್ಷವಿಡೀ ನಡುಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲೇ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ ಎಂಬ ಪಾಠ ಅಲ್ಲಿ ಎಂದೂ ತಪ್ಪುವುದಿಲ್ಲ. ಅದೇ ಪಾಠವನ್ನು ಮಲಾವಿಗೋ ಮಡಗಾಸ್ಕರ್‌ಗೋ ಫಿಜಿಗೋ ಒಯ್ದರೆ ತಲೆಕೆಳಗಾಗುತ್ತದೆ. ಸಮಭಾಜಕದ ಆಚೆ ಪ್ಯಾನೆಲ್ ಉತ್ತರಕ್ಕೆ ನೋಡಬೇಕು. ಮಧ್ಯಾಹ್ನದ ನೆರಳು ನೋಡಿ ದಿಕ್ಕು ಹಿಡಿಯುವ ಉಪಾಯವೂ ಉಷ್ಣವಲಯದಲ್ಲಿ ಕೈಕೊಡುತ್ತದೆ, ಏಕೆಂದರೆ ಅಲ್ಲಿ ನೆರಳು ವರ್ಷದಲ್ಲಿ ಪಕ್ಕ ಬದಲಿಸುತ್ತದೆ. ಬೆಂಗಳೂರಿನಲ್ಲೇ ಏಪ್ರಿಲ್ ಕೊನೆಯ ವಾರದಲ್ಲಿ ನೆರಳಿಲ್ಲದ ದಿನ ಬರುವುದು, ಆಮೇಲೆ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮಗೂ ಉತ್ತರಕ್ಕಿರುವುದು ಇದೇ ಕಾರಣಕ್ಕೆ. ಹಾಗಾಗಿ ದಿಕ್ಸೂಚಿ ಕೊಟ್ಟು ಕಳಿಸಿ. ಓರೆ ಎಷ್ಟಿರಬೇಕೆಂದರೆ ಊರಿನ ಅಕ್ಷಾಂಶದಷ್ಟು. ಸಮಭಾಜಕದ ಹತ್ತಿರ ಅಕ್ಷಾಂಶ ಐದೇ ಡಿಗ್ರಿ ಇದ್ದರೂ 10-15ಕ್ಕಿಂತ ಕಡಿಮೆ ಮಾಡಬೇಡಿ. ಚಪ್ಪಟೆ ಮಲಗಿಸಿದ ಪ್ಯಾನೆಲ್ ಮೇಲೆ ಮಳೆನೀರು ನಿಂತು ಧೂಳು ಕೆಸರಾಗುತ್ತದೆ. ಝಾಂಜಿಬಾರ್, ಫಿಜಿಯಂಥ ಕಡಲ ಕಡೆ ಟರ್ಮಿನಲ್‌ಗಳಿಗೆ ವ್ಯಾಸಲಿನ್ ಸವರದಿದ್ದರೆ ಉಪ್ಪುಗಾಳಿ ಬೇಗ ಹಸಿರು ಕಿಲುಬು ಹಿಡಿಸುತ್ತದೆ.

ವಾಪಸಾದ ಮೇಲೆ

ಇಡೀ ವ್ಯವಸ್ಥೆಯ ದುರ್ಬಲ ಕೊಂಡಿ ಇಲ್ಲಿದೆ. ಐಟೆಕ್ ಹಣ ತರಬೇತಿಗೆ ಮತ್ತು ಪ್ರಯಾಣಕ್ಕೆ. ಊರಿಗೆ ಬೇಕಾದ ಪ್ಯಾನೆಲ್, ಬ್ಯಾಟರಿ, ದೀಪಗಳಿಗೆ ಹಣ ಬೇರೆ ಕಡೆಯಿಂದ ಬರಬೇಕು. ಹಲವು ದೇಶಗಳಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ನಡೆಸುವ ಜಿಇಎಫ್ (ಜಾಗತಿಕ ಪರಿಸರ ನಿಧಿ) ಸಣ್ಣ ಅನುದಾನ ಯೋಜನೆ ಇದಕ್ಕೆ ನೆರವಾಗಿದೆ, ಕೆಲವೆಡೆ ಅಲ್ಲಿನ ಸರ್ಕಾರಗಳೇ ಕೊಟ್ಟಿವೆ. ಹಣ ಸಿಕ್ಕರೂ ಸಾಮಾನು ಹಡಗಿನಲ್ಲಿ ಬರಬೇಕು, ಬಂದರಿನಲ್ಲಿ ಸುಂಕ ವಿನಾಯಿತಿಯ ಕಾಗದ ಬೇಕು. ಕಂಟೇನರ್ ಬಂದರಿನಲ್ಲೇ ಕೂತರೆ ತಿಂಗಳು ತಿಂಗಳು ಬಾಡಿಗೆ. ಅಷ್ಟರಲ್ಲಿ ಬೆರಳು ಬೆಸುಗೆಯನ್ನು ಮರೆಯುತ್ತದೆ, ಊರು ಆಕೆಯ ಮೇಲಿನ ನಂಬಿಕೆಯನ್ನು. ಆದ್ದರಿಂದ ಸಾಮಾನಿನ ಹಣ ಮಂಜೂರಾದ ಪತ್ರ ಕೈಯಲ್ಲಿಲ್ಲದೆ ಯಾರನ್ನೂ ವಿಮಾನ ಹತ್ತಿಸಬೇಡಿ. ಇದು ಕಟುವಾಗಿ ಕೇಳಿಸಬಹುದು, ಆದರೆ ಆರು ತಿಂಗಳು ಮನೆ ಬಿಟ್ಟುಬಂದ ಹೆಂಗಸನ್ನು ಬರಿಗೈಲಿ ಊರಿನ ಮುಂದೆ ನಿಲ್ಲಿಸುವುದಕ್ಕಿಂತ ಕಟುವೇನಲ್ಲ. ಆಸಿಡ್ ತುಂಬಿದ ಬ್ಯಾಟರಿ ಹಡಗಿನ ಲೆಕ್ಕದಲ್ಲಿ ಅಪಾಯದ ಸರಕು. ಬ್ಯಾಟರಿಯನ್ನು ಆ ದೇಶದಲ್ಲೇ ಕೊಳ್ಳುವುದು ಜಾಣತನ, ಮುಂದೆ ಬದಲಿ ಬೇಕಾದಾಗಲೂ ಅದೇ ಅಂಗಡಿ ಇರುತ್ತದೆ.

ಊರಿನ ಕಡೆಯಿಂದ ಬೇಕಾದದ್ದು ಒಂದು ಸಮಿತಿ, ಒಂದು ಕೋಣೆ, ಒಂದು ವಂತಿಗೆ. ತಿಲೋನಿಯಾ ಮಾದರಿಯಲ್ಲಿ ಸಮಿತಿಯಲ್ಲಿ ಹೆಂಗಸರೂ ಇರಬೇಕು, ಕೋಣೆ ರಿಪೇರಿ ಕಾರ್ಯಾಗಾರವಾಗಬೇಕು, ಪ್ರತಿ ಮನೆಯೂ ಸೀಮೆಎಣ್ಣೆ, ಮೇಣದಬತ್ತಿ, ಟಾರ್ಚ್ ಸೆಲ್‌ಗೆ ತಿಂಗಳಿಗೆ ಎಷ್ಟು ಸುರಿಯುತ್ತಿತ್ತೋ ಅಷ್ಟನ್ನು ಕಟ್ಟಬೇಕು. ಅದರಲ್ಲಿ ಆಕೆಗೆ ಸಂಬಳ, ಉಳಿದದ್ದು ಬಿಡಿಭಾಗಕ್ಕೆ.

ಲೆಕ್ಕ ಮಾಡಿ ನೋಡಿ. ಬ್ಯಾಟರಿ 5,000 ರೂಪಾಯಿ, ಬಾಳಿಕೆ ನಾಲ್ಕು ವರ್ಷ ಎಂದುಕೊಂಡರೆ ತಿಂಗಳಿಗೆ 104 ರೂಪಾಯಿ ಅದಕ್ಕೇ ಎತ್ತಿಡಬೇಕು. ದೀಪ, ಫ್ಯೂಸು, ಕಂಟ್ರೋಲರ್‌ಗೆ ಇನ್ನೊಂದು 20. ಊರಿನಲ್ಲಿ 50 ಮನೆಯಿದ್ದು ಆಕೆಗೆ ತಿಂಗಳಿಗೆ 3,000 ಕೊಡುವುದಾದರೆ ಮನೆಗೆ 60. ಒಟ್ಟು 184. ಮನೆಯವರು ಸೀಮೆಎಣ್ಣೆಗೆ ಖರ್ಚು ಮಾಡುತ್ತಿದ್ದದ್ದು 120 ಮಾತ್ರವಾದರೆ? ಆಗ ಸಮಿತಿ ಸಂಬಳ ಕೊಟ್ಟು ಬ್ಯಾಟರಿ ನಿಧಿಯನ್ನು ಮುಂದೂಡುತ್ತದೆ. ಮೂರು ವರ್ಷ ಎಲ್ಲವೂ ಸುಸೂತ್ರ, ನಾಲ್ಕನೆಯ ವರ್ಷ 50 ಬ್ಯಾಟರಿ ಒಟ್ಟಿಗೆ ಸಾಯುತ್ತವೆ, ಪೆಟ್ಟಿಗೆ ಖಾಲಿ. ಇಂಥ ಕಾರ್ಯಕ್ರಮಗಳು ಮುಗ್ಗರಿಸಿದರೆ ಬಹುತೇಕ ಈ ಗುಂಡಿಯಲ್ಲೇ. ಹಣ ಸಾಲದಿದ್ದರೆ ಮೊದಲೇ ಚಿಕ್ಕ ವ್ಯವಸ್ಥೆ ಕೊಡಿ, ಅಥವಾ ಮೊದಲ ಸುತ್ತಿನ ಬದಲಿ ಬ್ಯಾಟರಿಯನ್ನು ಅನುದಾನದಲ್ಲೇ ಸೇರಿಸಿ. ವಂತಿಗೆಯನ್ನು ತಿಂಗಳ ಬದಲು ಸುಗ್ಗಿಗೊಮ್ಮೆ ಕಟ್ಟುವ ಅವಕಾಶವೂ ಇರಲಿ. ಬೇಸಾಯದ ಊರಿನಲ್ಲಿ ಪ್ರತಿ ತಿಂಗಳು ಕಾಸು ಓಡಾಡುವುದಿಲ್ಲ.

ತಂತ್ರಜ್ಞಾನದ ಬಗ್ಗೆ ನಮ್ಮದೊಂದು ತಕರಾರು ಇದೆ. ಒಂದೊಂದೇ ಭಾಗ ಬೆಸುಗೆ ಹಾಕಿ ಬೋರ್ಡ್ ಕಟ್ಟುವ ಕಲೆ ಮೂಲಪಾಠವಾಗಿ ಅಮೂಲ್ಯ. ಆದರೆ ಈಗ ಪೇಟೆಯಲ್ಲಿ ಸಿಗುವ ದೀಪಗಳಲ್ಲಿ ಸಾಸಿವೆ ಗಾತ್ರದ ಬಿಡಿಭಾಗಗಳು ಬೋರ್ಡಿನ ಮೈಗೇ ಅಂಟಿರುತ್ತವೆ; ದಪ್ಪ ತುದಿಯ 25 ವ್ಯಾಟ್ ಐರನ್‌ಗೆ ಅವು ನಿಲುಕುವುದಿಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳೂ ಬಂದಿವೆ, ಸೀಸದ ಬ್ಯಾಟರಿಗೆಂದು ಹೊಂದಿಸಿದ ಕಂಟ್ರೋಲರ್ ಅವುಗಳಿಗೆ ಆಗಿಬರುವುದಿಲ್ಲ. ತರಗತಿಯಲ್ಲಿ ಕಟ್ಟುವ ಬೋರ್ಡೇ ಊರಿಗೆ ಬರುವ ಸಾಮಾನಿನಲ್ಲೂ ಇದೆಯೇ ಎಂದು ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಬೇರೆಯಾಗಿದ್ದರೆ ಆಕೆ ರಿಪೇರಿ ಮಾಡುವವಳಾಗದೆ ಪೆಟ್ಟಿಗೆ ಬದಲಿಸುವವಳಾಗಿ ಉಳಿಯುತ್ತಾಳೆ.

ಬೇರೆ ದಾರಿಗಳ ಜತೆ ಹೋಲಿಸಿದರೆ? ಕೀನ್ಯಾದ ಎಂ-ಕೋಪಾದಂಥ ಕಂಪನಿಗಳು ಮೊಬೈಲ್ ಹಣದಲ್ಲಿ ದಿನಕ್ಕಿಷ್ಟು ಕಟ್ಟಿಸಿಕೊಂಡು ಸೋಲಾರ್ ಕೊಡುತ್ತವೆ, ಕಟ್ಟದಿದ್ದರೆ ದೂರದಿಂದಲೇ ಬೀಗ. ವಸೂಲಿಯ ತಲೆನೋವಿಲ್ಲ, ಆದರೆ ರಿಪೇರಿ ಕಂಪನಿಯ ಕೈಯಲ್ಲಿ. ನಮ್ಮ ಬೆಂಗಳೂರಿನ ಸೆಲ್ಕೋ 1995ರಿಂದ ಹಿಡಿದ ದಾರಿ ಇನ್ನೊಂದು: ಬ್ಯಾಂಕಿನ ಸಾಲ, ಮನೆಬಾಗಿಲಿಗೆ ಬರುವ ತಂತ್ರಜ್ಞ. ಗ್ರಾಮೀಣ ಬ್ಯಾಂಕು ಮತ್ತು ಬಸ್ಸು ಇರುವ ದಕ್ಷಿಣ ಕನ್ನಡ, ಉತ್ತರ ಕನ್ನಡದಂಥ ಕಡೆ ಅದಕ್ಕೆ ಸಾಟಿಯಿಲ್ಲ. ಬ್ಯಾಂಕೂ ಇಲ್ಲ, ತಂತ್ರಜ್ಞ ಬರಲು ರಸ್ತೆಯೂ ಇಲ್ಲ ಎಂಬ ಊರಿಗೆ ತಿಲೋನಿಯಾ ದಾರಿಯೇ ಸರಿ. ವಿದ್ಯುತ್ ಕಂಬ ಇನ್ನೆರಡು ವರ್ಷದಲ್ಲಿ ಬರುವ ಊರಿಗಂತೂ ಇದು ಬೇಡ.

ಪೂರ್ವ ಆಫ್ರಿಕಾದವರಾದರೆ ಝಾಂಜಿಬಾರ್ ದ್ವೀಪದ ಕಿನ್ಯಾಸಿನಿಯಲ್ಲಿರುವ ಬೇರ್‌ಫುಟ್ ಕೇಂದ್ರವನ್ನು ಮೊದಲು ವಿಚಾರಿಸಿ. ಸ್ವಾಹಿಲಿಯಲ್ಲೇ ಪಾಠ, ಹವೆ ತಮ್ಮದೇ, ಊಟದ ಪರದಾಟವಿಲ್ಲ. ತಿಲೋನಿಯಾದಲ್ಲಿ ಮಾರ್ಚ್ ತಂಡದವರು ಮೇ-ಜೂನ್‌ನ 45 ಡಿಗ್ರಿಯ ಬಿಸಿಲು ಕಾಣುತ್ತಾರೆ. ಮೀನು, ಮಾಂಸ ತಿಂದು ಬೆಳೆದವರಿಗೆ ರೊಟ್ಟಿ-ಬೇಳೆಗೆ ನಾಲಿಗೆ ಒಗ್ಗಲು ಹೊತ್ತು ಹಿಡಿಯುತ್ತದೆ. ಆಯ್ಕೆಯಿದ್ದರೆ ಸೆಪ್ಟೆಂಬರ್ ತಂಡವೇ ವಾಸಿ, ಡಿಸೆಂಬರ್-ಜನವರಿಯ ಚಳಿಗೆ ಸ್ವೆಟರ್ ಇರಲಿ. ಹಾಗೆಂದು ದೂರ ಹೋಗುವುದರಲ್ಲಿ ಲಾಭವೇ ಇಲ್ಲವೆಂದಲ್ಲ. ಹೊರದೇಶಕ್ಕೆ ಹೋಗಿ ಬಂದವರ ಮಾತಿಗೆ ಊರಿನ ಗಂಡಸರ ಸಭೆಯಲ್ಲಿ ತೂಕ ಜಾಸ್ತಿ, ವಂತಿಗೆ ವಸೂಲಿಗೆ ನಿಂತಾಗ ಅದು ಕೆಲಸಕ್ಕೆ ಬರುತ್ತದೆ. ಒಂದೂರಿಂದ ಇಬ್ಬರನ್ನು ಕಳಿಸುವುದಂತೂ ಬಿಡಕೂಡದ ನಿಯಮ. ಒಬ್ಬರಿಗೆ ಮನೆಯ ನೆನಪು ಕಾಡಿದಾಗ ಇನ್ನೊಬ್ಬರು ಜತೆಯಾಗುತ್ತಾರೆ, ಊರಿನಲ್ಲಿ ಒಬ್ಬರು ಹುಷಾರು ತಪ್ಪಿದರೆ ಇನ್ನೊಬ್ಬರಿಗೆ ಕೆಲಸ ಗೊತ್ತಿರುತ್ತದೆ.

ಹೊರಡುವ ತಯಾರಿಗೆ ಕನಿಷ್ಠ ಆರು ತಿಂಗಳು ಇಟ್ಟುಕೊಳ್ಳಿ, ಏಕೆಂದರೆ ಜನನ ಪತ್ರವೇ ಇಲ್ಲದವರಿಗೆ ಪಾಸ್‌ಪೋರ್ಟ್ ಸುಲಭವಲ್ಲ. ಹಳದಿ ಜ್ವರವಿರುವ ಆಫ್ರಿಕಾ, ದಕ್ಷಿಣ ಅಮೆರಿಕದ ದೇಶಗಳಿಂದ ಬರುವವರಿಗೆ ಲಸಿಕೆ ಕಾರ್ಡ್ ಕಡ್ಡಾಯ. ಲಸಿಕೆ ಹಾಕಿಸಿ 10 ದಿನ ಕಳೆದ ಮೇಲಷ್ಟೇ ಅದು ಚಾಲ್ತಿಗೆ ಬರುತ್ತದೆ, ಇಲ್ಲವಾದರೆ ಭಾರತದಲ್ಲಿ ಇಳಿದೊಡನೆ ಪ್ರತ್ಯೇಕವಾಸ. ಬಿಪಿ, ಸಕ್ಕರೆ ಕಾಯಿಲೆ ಇದ್ದವರು ಮಾತ್ರೆಯ ಹೆಸರಿರುವ ಚೀಟಿ ಇಟ್ಟುಕೊಳ್ಳಲಿ. ಗಂಡನ, ಮನೆಯವರ ಒಪ್ಪಿಗೆಯನ್ನು ಸಮಿತಿಯ ಎದುರೇ ಪಡೆಯಿರಿ, ಮಧ್ಯದಲ್ಲಿ "ವಾಪಸ್ ಬಾ" ಎಂಬ ಫೋನ್ ಬಂದಾಗ ಮಾತಾಡಲು ಊರಿನ ಹಿರಿಯರಾದರೂ ಇರುತ್ತಾರೆ.

ಕಾರ್ಯಾಗಾರಕ್ಕೆ, 50 ಮನೆಯ ಊರಾದರೆ, ನಮ್ಮ ಅಂದಾಜಿನ ಪಟ್ಟಿ ಇಷ್ಟು: ಮಲ್ಟಿಮೀಟರ್ ಎರಡು, ಬ್ಯಾಟರಿಯ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಎರಡು, 12 ವೋಲ್ಟ್‌ನಲ್ಲೇ ಕೆಲಸ ಮಾಡುವ ಬೆಸುಗೆ ಐರನ್ ಎರಡು (230 ವೋಲ್ಟ್‌ನದು ತಂದರೆ ಇನ್ವರ್ಟರ್ ಬೇರೆ ಬೇಕು), ಕಂಟ್ರೋಲರ್ ಐದು, ದೀಪ ಹತ್ತು, ಪ್ಯಾನೆಲ್ ಎರಡು, 5 ಆಂಪಿಯರ್ ಫ್ಯೂಸ್ ನೂರು, 1.5ರ ತಂತಿ ಎರಡು ಸುರುಳಿ, ಆಸಿಡ್‌ಗೆ ರಬ್ಬರ್ ಗ್ಲೌಸು, ಕಣ್ಣಿಗೆ ಕನ್ನಡಕ, ಚೆಲ್ಲಿದರೆ ಸುರಿಯಲು ಅಡುಗೆ ಸೋಡಾ. ಫ್ಯೂಸ್ ಮುಗಿದಾಗ ತಂತಿಯ ಎಳೆ ಸುತ್ತುವ ಚಾಳಿ ಶುರುವಾಗುತ್ತದೆ, ಅದಕ್ಕೇ ನೂರು. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಎರಡು ಮೂರು ತಿಂಗಳಿಗೊಮ್ಮೆ ತುಂಬಬೇಕು, ಬ್ಯಾಟರಿಗೆ ಅರ್ಧ ಲೀಟರ್ ಹಿಡಿದರೂ ಒಂದು ಸುತ್ತಿಗೆ 25 ಲೀಟರ್. ಅದು ಸಿಗದ ಊರಿನಲ್ಲಿ ಬಾವಿ ನೀರು ಬೇಡವೇ ಬೇಡ, ಅದರಲ್ಲಿನ ಕಬ್ಬಿಣ ಮತ್ತು ಕ್ಲೋರೈಡ್ ಪ್ಲೇಟನ್ನು ತಿನ್ನುತ್ತವೆ. ತಗಡಿನ ಮಾಡಿನಿಂದ ಇಳಿದದ್ದೂ ಬೇಡ. ಮಳೆ ಹಿಡಿದು ಅರ್ಧ ತಾಸಾದ ಮೇಲೆ ಬಯಲಿನಲ್ಲಿ ಪ್ಲಾಸ್ಟಿಕ್ ಬಕೆಟ್ ಇಟ್ಟು ನೇರ ಹಿಡಿದ ನೀರನ್ನು ಮುಚ್ಚಿದ ಕ್ಯಾನಿನಲ್ಲಿ ಕಾಪಿಟ್ಟರೆ ಬೇಸಿಗೆಯ ಒಂದು ಸುತ್ತು ದಾಟಿಸಬಹುದು.